ಕೀಲುಬೊಂಬೆಯೂ ಕಲಿಕೆಯ ಯಂತ್ರವೂ

ಮಾಗಡಿ ಸೀಮೆಯ ಗುಡೇಮಾರನಹಳ್ಳಿಯಿಂದ ಹೊರಟು, ಮಾಗಡಿಯನ್ನು ಹಾದು, ರಾಮನಗರವನ್ನು ಸೇರಿ, ಅಲ್ಲಿಂದ ಚನ್ನಪಟ್ಟಣಕ್ಕೆ ಹೋಗುವ ದಾರಿಯು ಅರ್ಧ ದಿನದ ಪ್ರಯಾಣಕ್ಕೆ ಮೀರಿದುದಲ್ಲ. ತಾನೇ ತಾನಾಗಿ ಚಲಿಸುವಂತೆ ತೋರುವ ವಸ್ತುವಿಗೂ ಅದನ್ನು ನೋಡುವ ಮನುಷ್ಯನಿಗೂ ಇರುವ ಸಂಬಂಧದ ಚರಿತ್ರೆಯು ಇಷ್ಟು ಕಿರಿದಾದ ದಾರಿಯಲ್ಲಿಯೇ ಬಹುಮಟ್ಟಿಗೆ ಅಡಗಿದೆಯೆಂದು ಹೇಳಿದರೆ, ಅದನ್ನು ಜಿಲ್ಲಾಭಿಮಾನದ ಅತಿಶಯೋಕ್ತಿಯೆಂದು ವಾಚಕರು ನಕ್ಕುಬಿಡಬಹುದು. ನಗಲಿ, ಚಿಂತೆಯಿಲ್ಲ. ಪಾಠಶಾಲೆಗಳಿಗೆ ‘ರೋಬೊಟ್’ ಎಂಬ ಯಂತ್ರವು ಬರುತ್ತಿರುವ ಈ ಕಾಲದಲ್ಲಿ, ಅದು ಮಕ್ಕಳಿಗೆ ಏನನ್ನು ಕಲಿಸುವುದು, ಮಕ್ಕಳು ಅದರೊಡನೆ ಹೇಗೆ ವರ್ತಿಸುವರು ಎಂದು ವಿಚಾರಿಸುವವರು, ನಮ್ಮ ನಾಡಿನ ಬೊಂಬೆಗಳ ಮತ್ತು ಯಂತ್ರಗಳ ಹಳೆಯ ಸಂಗತಿಗಳನ್ನು ಒಮ್ಮೆ ತಿರುವಿ ನೋಡುವುದು ಅಪ್ರಕೃತವಾಗಲಾರದು.

‘ಕೀಲು’ ಎಂಬ ಮಾತಿಗೆ ನಮ್ಮ ಭಾಷೆಯಲ್ಲಿ ವಿಶಾಲವಾದ ಅರ್ಥವುಂಟು. ಗೂಟವೂ ಕೀಲೇ, ಮೈಯ ಸಂಧಿಯೂ ಕೀಲೇ, ಗಾಡಿಯ ಗಾಲಿಯು ಕಳಚದಂತೆ ಹಿಡಿದಿರುವ ಕಡಾಣಿಯೂ ಕೀಲೇ. ಗಡಿಯಾರಕ್ಕೆ ಕೀಲಿ ಕೊಡುತ್ತೇವೆ, ಬೀಗಕ್ಕೆ ಕೀಲಿಕೈ ಹಾಕುತ್ತೇವೆ. ಕೆಲಸವೊಂದರ ಮರ್ಮವನ್ನು ಬಲ್ಲವನನ್ನು ಅದರ ಕೀಲು ಬಲ್ಲವನೆನ್ನುತ್ತೇವೆ. ಚಲನೆಗೆ ಕಾರಣವಾದುದೂ, ಆ ಕಾರಣವನ್ನು ಮುಚ್ಚಿಡತಕ್ಕ ಬೀಗವೂ ಒಂದೇ ಶಬ್ದದ ಕುಟುಂಬಕ್ಕೆ ಸೇರಿರುವುದು ನನಗೆ ಬಹಳ ಅರ್ಥವತ್ತಾಗಿ ಕಾಣುತ್ತದೆ. ಮುಂದೆ ಹೇಳತಕ್ಕ ಸಂಗತಿಗಳಲ್ಲೆಲ್ಲ ನಾನು ಕೇಳುವುದು ಇಷ್ಟೆ: ಕೀಲು ಕಾಣುವಂತಿದ್ದಿತೆ, ಮರೆಯಾಗಿದ್ದಿತೆ? ಅದು ಯಾರ ಕೈಯಲ್ಲಿದ್ದಿತು?

ಮರೆಯಾಗಿಡುವ ಪಕ್ಷವು ಬಹಳ ಪ್ರಾಚೀನವಾದುದು. ಧಾರಾನಗರದ ಭೋಜರಾಜನದೆಂದು ಪ್ರಸಿದ್ಧವಾದ ಹನ್ನೊಂದನೆಯ ಶತಮಾನದ ‘ಸಮರಾಂಗಣ ಸೂತ್ರಧಾರ’ವೆಂಬ ಗ್ರಂಥದಲ್ಲಿ ಯಂತ್ರವಿಧಾನವೆಂಬ ಒಂದು ಅಧ್ಯಾಯವಿದೆ. ಮರದ ಹಕ್ಕಿಗಳು, ಕುಣಿಯುವ ಬೊಂಬೆಗಳು, ಬಾಗಿಲು ಕಾಯುವ ಮರದ ಆಳು ಇವೆಲ್ಲವೂ ಅಲ್ಲಿ ಬರುತ್ತವೆ. ಆದರೆ ಇವುಗಳನ್ನು ಕಟ್ಟುವ ಕ್ರಮವನ್ನು ಗ್ರಂಥಕಾರನು ಪೂರ್ತಿಯಾಗಿ ಹೇಳುವುದಿಲ್ಲ. ಹೇಳದಿರುವುದು ತಿಳಿಯದೆ ಅಲ್ಲ, ಗುಟ್ಟಾಗಿರಲೆಂದು ಎಂಬ ಅಭಿಪ್ರಾಯವನ್ನು ಅವನೇ ಸೂಚಿಸುತ್ತಾನೆ; ಕೀಲು ಬಯಲಾದರೆ ಫಲವಿಲ್ಲವಂತೆ. ಅರಮನೆಯ ಯಂತ್ರಕ್ಕೆ ಈ ನೀತಿಯು ಒಪ್ಪುವುದು. ಪ್ರಜೆಗಳು ಬೆರಗಾಗಬೇಕಾದುದೇ ಅದರ ಪ್ರಯೋಜನವಾದುದರಿಂದ, ಅವರು ಒಳಹೊಕ್ಕು ನೋಡುವುದು ದೊರೆಗೆ ಬೇಕಾಗಿರಲಿಲ್ಲ.

ಹಳ್ಳಿಯ ಬೊಂಬೆಯಾಟದ ರೀತಿಯೇ ಬೇರೆ. ಇಲ್ಲಿಯೂ ಸೂತ್ರವನ್ನು ಹಿಡಿದವನು ಪರದೆಯ ಹಿಂದೆ ಇರುತ್ತಾನೆ, ನಿಜ. ಆದರೆ ಅವನು ಇದ್ದಾನೆಂಬುದು ಎಲ್ಲರಿಗೂ ಗೊತ್ತು. ದಾರಗಳು ದೀಪದ ಬೆಳಕಿನಲ್ಲಿ ಹೊಳೆಯುತ್ತವೆ. ಮುಂದಿನ ಸಾಲಿನಲ್ಲಿ ಕುಳಿತ ಹುಡುಗನು ಆ ದಾರವನ್ನು ಕಣ್ಣಾರೆ ಕಂಡೂ ಹರಿಶ್ಚಂದ್ರನ ಬೊಂಬೆಯು ತಲೆಬಾಗಿಸಿದಾಗ ಅಳುತ್ತಾನೆ. ಇದು ಮೋಸಹೋಗುವುದಲ್ಲ, ಒಪ್ಪಿಕೊಳ್ಳುವುದು. ೧೯೭೦ರಲ್ಲಿ ಜಪಾನಿನ ಯಂತ್ರಶಾಸ್ತ್ರಜ್ಞ ಮಸಾಹಿರೊ ಮೋರಿ ಎಂಬವರು ಒಂದು ಚಿಕ್ಕ ಲೇಖನವನ್ನು ಬರೆದರು. ಯಂತ್ರವು ಮನುಷ್ಯನನ್ನು ಹೋಲುತ್ತ ಹೋದಂತೆ ನಮಗೆ ಅದರಲ್ಲಿ ಪ್ರೀತಿ ಹೆಚ್ಚುವುದೆಂದೂ, ಹೋಲಿಕೆಯು ಇನ್ನೇನು ಪೂರ್ಣವಾಯಿತೆನ್ನುವಾಗ ಆ ಪ್ರೀತಿಯು ಹಠಾತ್ತಾಗಿ ಕಂದಕಕ್ಕೆ ಬಿದ್ದು ಹೇಸಿಗೆಯೂ ಭಯವೂ ಆಗುವುದೆಂದೂ ಅವರ ವಾದ. ಆ ಲೇಖನದಲ್ಲಿಯೇ ಅವರು ತಮ್ಮ ದೇಶದ ‘ಬುನ್ರಾಕು’ ಬೊಂಬೆಯಾಟವನ್ನು ನೆನೆಯುತ್ತಾರೆ. ಹತ್ತಿರದಿಂದ ನೋಡಿದರೆ ಆ ಬೊಂಬೆಯು ಮನುಷ್ಯನಂತಿಲ್ಲ. ಆದರೂ ರಂಗದ ಮೇಲೆ ಅದು ಪ್ರೇಕ್ಷಕನ ಮನಸ್ಸನ್ನು ಸೆರೆಹಿಡಿಯುವುದು. ರಾಮನಗರದ ಬಳಿ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕಕ್ಕೆ ಹೋದವರು ಅಲ್ಲಿರುವ ನಮ್ಮ ತೊಗಲುಬೊಂಬೆಗಳನ್ನೂ ಸೂತ್ರದ ಬೊಂಬೆಗಳನ್ನೂ ನೋಡಲಿ. ಅಗಲಗಣ್ಣು, ಒಂದೇ ಕಡೆಗೆ ತಿರುಗಿದ ಮುಖ, ಮೈತುಂಬ ತೂತುಗಳ ಚಿತ್ರಕೆಲಸ. ಮನುಷ್ಯನನ್ನು ಹೋಲಬೇಕೆಂಬ ಹಟವೇ ಆ ಕುಶಲಿಗಳಿಗಿರಲಿಲ್ಲ. ಮೋರಿಯವರು ಹೇಳಿದ ಕಂದಕವನ್ನು ಅವರು ಬಹಳ ಹಿಂದೆಯೇ ಬಳಸಿಕೊಂಡು ಹೋಗಿದ್ದರೆಂದು ಹೇಳಬಹುದು.

ಇನ್ನು, ಕೀಲು ಕೈಯಿಂದ ಕೈಗೆ ಹೋದುದಕ್ಕೆ ನಮ್ಮ ನಾಡಿನ ಅತಿ ಪ್ರಸಿದ್ಧವಾದ ನಿದರ್ಶನವು ಶ್ರೀರಂಗಪಟ್ಟಣದ ಹುಲಿ. ಸುಮಾರು ಆರು ಅಡಿ ಉದ್ದದ, ಮರದಲ್ಲಿ ಕೆತ್ತಿ ಬಣ್ಣ ಬಳಿದ ಈ ಹುಲಿಯು, ಅಂಗಾತ ಬಿದ್ದಿರುವ ಐರೋಪ್ಯನೊಬ್ಬನ ಕೊರಳಿಗೆ ಬಾಯಿಹಾಕಿದೆ. ಪಕ್ಕದಲ್ಲಿರುವ ಹಿಡಿಯನ್ನು ತಿರುಗಿಸಿದರೆ ಆ ಮನುಷ್ಯನ ಕೈ ಏಳುವುದು, ಬೀಳುವುದು. ಒಳಗಿನ ತಿದಿಗಳಿಂದ ಗಾಳಿಯು ಕೊಳವಿಗಳಿಗೆ ನುಗ್ಗಿ ಅವನ ನರಳುವಿಕೆಯೂ ಹುಲಿಯ ಗುರುಗುಟ್ಟುವಿಕೆಯೂ ಕೇಳಿಬರುವುವು. ಹುಲಿಯ ಹೊಟ್ಟೆಯೊಳಗೆ ಹದಿನೆಂಟು ಸ್ವರಗಳ ಒಂದು ಪುಟ್ಟ ವಾದ್ಯವೂ ಇದೆ. ಮರಗೆಲಸವು ಈ ದೇಶದ್ದೆಂದೂ, ಒಳಗಿನ ಯಂತ್ರಭಾಗದಲ್ಲಿ ಫ್ರೆಂಚರ ಕೈವಾಡವಿದ್ದಿರಬಹುದೆಂದೂ ಪಂಡಿತರು ಊಹಿಸಿದ್ದಾರೆ. ಟಿಪ್ಪು ಸುಲ್ತಾನನ ಅರಮನೆಯಲ್ಲಿ ಅದು ಆಟಿಕೆಯೂ ಆಗಿದ್ದಿತು, ಶಪಥವೂ ಆಗಿದ್ದಿತು.

೧೭೯೯ನೆಯ ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದಿತು. ಹುಲಿಯು ಲಂಡನ್ನಿಗೆ ಹೋಯಿತು. ೧೮೦೮ರಿಂದ ಈಸ್ಟ್ ಇಂಡಿಯಾ ಕಂಪೆನಿಯ ಭವನದಲ್ಲಿ ಅದನ್ನು ಸಾರ್ವಜನಿಕರ ದರ್ಶನಕ್ಕೆ ಇಡಲಾಯಿತು. ಅಲ್ಲಿ ನಡೆದುದು ವಿನೋದವಾಗಿದೆ. ಬಂದವರು ಬಂದವರೇ ಹಿಡಿಯನ್ನು ತಿರುಗಿಸಿ, ತಮ್ಮ ದೇಶದವನೇ ಆದ ಆ ಮರದ ಸಿಪಾಯಿಯು ನರಳುವುದನ್ನು ಕೇಳಿ ಸಂತೋಷಪಟ್ಟರು. ಪಕ್ಕದ ಪುಸ್ತಕಭಂಡಾರದಲ್ಲಿ ಓದುತ್ತಿದ್ದ ವಿದ್ವಾಂಸರಿಗೆ ಈ ಗಲಾಟೆಯಿಂದ ಪೀಡೆಯಾಗುತ್ತಿದ್ದಿತೆಂದು ಆ ಶತಮಾನದ ಪತ್ರಿಕೆಯೊಂದು ಹೇಳಿದೆ. ಕಡೆಗೆ ಹಿಡಿಯೇ ಕಾಣೆಯಾಯಿತು! ೧೮೮೦ರಲ್ಲಿ ಹುಲಿಯು ಸೌತ್ ಕೆನ್ಸಿಂಗ್ಟನ್ನಿನ ವಸ್ತುಸಂಗ್ರಹಾಲಯಕ್ಕೆ ಸೇರಿತು. ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಎಂದು ಹೆಸರಾದ ಆ ಸಂಗ್ರಹಾಲಯದಲ್ಲಿ ಗಾಜಿನ ಹಿಂದೆ ನಿಂತಿದೆ. ಮರವೂ ತಿದಿಯೂ ಮೊದಲಿನವೇ. ತಿರುಗಿಸುವ ಕೈ ಬದಲಾದೊಡನೆ ಶಪಥವಾಗಿದ್ದುದು ಪರಿಹಾಸ್ಯವಾಯಿತು, ಪರಿಹಾಸ್ಯವಾಗಿದ್ದುದು ದರ್ಶನವಸ್ತುವಾಯಿತು. ಯಂತ್ರದ ಅರ್ಥವು ಯಂತ್ರದೊಳಗೆ ಇರುವುದೆಂದು ನಂಬುವವರು ಈ ಹುಲಿಯ ಕಥೆಯನ್ನು ವಿಚಾರಮಾಡಬೇಕು.

ಚನ್ನಪಟ್ಟಣದ ಬೊಂಬೆಗಳ ಕಸುಬನ್ನೂ ಜನರು ಟಿಪ್ಪುವಿನ ಹೆಸರಿಗೇ ತಗುಲಿಸುತ್ತಾರೆ. ಪರ್ಷಿಯಾದಿಂದ ಕುಶಲಿಗಳನ್ನು ಕರೆಯಿಸಿ ಇಲ್ಲಿಯವರಿಗೆ ಕಲಿಸಿದನೆಂದು ಪ್ರತೀತಿ. ಪ್ರತೀತಿಯು ಹೇಗಾದರೂ ಇರಲಿ, ಕಸುಬು ಮಾತ್ರ ಕಣ್ಣಮುಂದಿದೆ. ಆಲೆಮರದ ಬಿಳಿಯ ಮೆದುವಾದ ತುಂಡನ್ನು ಚರಕಿಗೆ ಸಿಕ್ಕಿಸಿ ತಿರುಗಿಸುವುದು. ಉಳಿಯನ್ನೊಡ್ಡಿ ಆಕಾರ ತರುವುದು. ಬಳಿಕ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತುವುದು. ಉಜ್ಜುವಿಕೆಯ ಬಿಸಿಗೇ ಅರಗು ಕರಗಿ ಮರವನ್ನು ಹಚ್ಚಿಕೊಳ್ಳುತ್ತದೆ. ಬೇರೆ ಬೆಂಕಿಯಿಲ್ಲ, ಕುಂಚವಿಲ್ಲ. ಕೊನೆಗೆ ಒಣಗಿದ ತಾಳೆಗರಿಯನ್ನು ಹಿಡಿದರೆ ಹೊಳಪು ಬರುವುದು. ಹಿಂದೆ ಬಿಲ್ಲಿನ ಚರಕು ಇದ್ದಾಗ ಕಸುಬಿಗನು ನೆಲದ ಮೇಲೆ ಕುಳಿತು, ಒಂದು ಕೈಯಿಂದ ಬಿಲ್ಲನ್ನು ಎಳೆದು ಬಿಡುತ್ತ, ಇನ್ನೊಂದು ಕೈಯಿಂದಲೂ ಕಾಲಿನಿಂದಲೂ ಉಳಿಯನ್ನು ಆನಿಸುತ್ತಿದ್ದನು. ಮರವು ಒಮ್ಮೆ ಮುಂದಕ್ಕೂ ಒಮ್ಮೆ ಹಿಂದಕ್ಕೂ ತಿರುಗುವುದರಿಂದ ಉಳಿಯು ಒಂದು ಸುತ್ತಿನಲ್ಲಿ ಮಾತ್ರ ಕಚ್ಚಬೇಕು, ಮರುಸುತ್ತಿನಲ್ಲಿ ಸಡಿಲಬೇಕು. ಈ ಲಯವನ್ನು ಮೈಯೇ ಕಲಿಯಬೇಕಲ್ಲದೆ ಬಾಯಿ ಹೇಳಲಾರದು. ಇಪ್ಪತ್ತನೆಯ ಶತಮಾನದಲ್ಲಿ ವಿದ್ಯುತ್ತಿನ ಚರಕು ಬಂದಿತು, ಮರವು ಒಂದೇ ಕಡೆಗೆ, ವೇಗವಾಗಿ ತಿರುಗಿತು, ಉತ್ಪತ್ತಿ ಹೆಚ್ಚಿತು. ಆದರೂ ಅರಗನ್ನು ಎಷ್ಟು ಒತ್ತಬೇಕೆಂಬುದು ಈ ಹೊತ್ತಿಗೂ ಬೆರಳಿನ ವಿದ್ಯೆಯೇ.

ಇಲ್ಲಿ ಹುಟ್ಟುವ ಬುಗುರಿಯನ್ನೂ ಎಳೆಯುವ ಗಾಡಿಯನ್ನೂ ಕೈಗೆತ್ತಿಕೊಂಡ ಮಗುವಿನಿಂದ ಯಾವುದೂ ಮರೆಯಾಗಿಲ್ಲ. ಅಚ್ಚು ಕಾಣುತ್ತದೆ, ಗಾಲಿ ಕಾಣುತ್ತದೆ, ಎಳೆಯುವ ಹುರಿಯ ತುದಿಯು ತನ್ನ ಮುಷ್ಟಿಯಲ್ಲೇ ಇದೆ. ಗಾಡಿಯು ಮಗುಚಿದರೆ ಏಕೆ ಮಗುಚಿತೆಂದು ತಿಳಿಯಲು ಯಾರನ್ನೂ ಕೇಳಬೇಕಾದುದಿಲ್ಲ.

ಈಗ ‘ರೋಬೊಟ್’ ಎಂಬ ಶಬ್ದಕ್ಕೆ ಬರೋಣ. ಚೆಕ್ ನಾಟಕಕಾರ ಕಾರೆಲ್ ಚಾಪೆಕ್ ೧೯೨೦ರಲ್ಲಿ ಪ್ರಕಟಿಸಿದ ನಾಟಕವೊಂದರಿಂದ ಅದು ಲೋಕಕ್ಕೆ ಹರಡಿತು; ಶಬ್ದವನ್ನು ಸೂಚಿಸಿದವನು ಅವನ ಅಣ್ಣ ಯೋಸೆಫ್. ಮೂಲವಾದ ‘ರೋಬೊತ’ ಎಂಬುದರ ಅರ್ಥವು, ಒಡೆಯನ ಹೊಲದಲ್ಲಿ ಒಕ್ಕಲು ಕೂಲಿಯಿಲ್ಲದೆ ದುಡಿಯಲೇಬೇಕಾದ ಕೆಲಸ. ಇದಕ್ಕೆ ಕನ್ನಡದಲ್ಲಿ ಶಬ್ದವನ್ನು ಹುಡುಕಬೇಕಾಗಿಲ್ಲ. ನಮ್ಮ ಶಾಸನಗಳಲ್ಲಿಯೇ ‘ಬಿಟ್ಟಿ’ಯೆಂಬ ಮಾತು ಇದೆ. ಬಿಟ್ಟಿಯ ಆಳೆಂದರೆ ಮಾತು ಕೇಳುವವನು, ಎದುರಾಡದವನು. ಆಧುನಿಕ ಯಂತ್ರಕ್ಕೆ ಈ ಹೆಸರಿಟ್ಟವರು ಅದರೊಡನೆ ನಾವು ಹೇಗೆ ನಡೆದುಕೊಳ್ಳುವೆವೆಂಬುದನ್ನೂ ಹೆಸರಿನಲ್ಲಿಯೇ ಬರೆದುಬಿಟ್ಟರು: ಅಪ್ಪಣೆ ಮಾಡುವವರು ನಾವು, ಗೈಯುವುದು ಅದು. ಪಾಠಶಾಲೆಗೆ ಬಂದ ಯಂತ್ರದ ವಿಷಯದಲ್ಲಿ ಮಾತ್ರ ಈ ಲೆಕ್ಕವು ತಲೆಕೆಳಗಾಗುವುದುಂಟು. ಅದನ್ನು ಮುಂದೆ ನೋಡೋಣ.

ಬರಿಯ ಬೊಂಬೆಗೂ ಈ ಯಂತ್ರಕ್ಕೂ ಇರುವ ಭೇದವನ್ನು ನಮ್ಮ ಜಿಲ್ಲೆಯ ರೇಷ್ಮೆಯ ಕಸುಬಿನಿಂದಲೇ ತಿಳಿಯಬಹುದು. ರಾಮನಗರದ ಗೂಡಿನ ಮಾರುಕಟ್ಟೆಯನ್ನು ಅರಿಯದವರಾರು? ಅಲ್ಲಿಂದ ಕೊಂಡ ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ, ಹಲವು ಗೂಡುಗಳ ಎಳೆಗಳನ್ನು ಕೂಡಿಸಿ ಒಂದು ನೂಲಾಗಿ ಬಿಚ್ಚುವುದು ಚರಕದ ಕೆಲಸ. ಒಂದು ಗೂಡು ಮುಗಿದರೆ ನೂಲು ಸಣ್ಣಗಾಗುವುದು. ಆಗ ಮತ್ತೊಂದರ ಎಳೆಯನ್ನು ಸೇರಿಸಬೇಕು. ಅದನ್ನು ಕಂಡುಹಿಡಿಯುತ್ತಿದ್ದುದು, ಬಿಸಿನೀರಿನಲ್ಲಿ ಬೆರಳು ಬೆಂದ ನೂಲುಗಾರ್ತಿಯ ಕಣ್ಣು. ಈಚೆಗೆ ಬಂದಿರುವ ಸ್ವಯಂಚಾಲಿತ ಯಂತ್ರದಲ್ಲಿ ನೂಲಿನ ದಪ್ಪವನ್ನು ಅಳೆಯುವ ಒಂದು ಅಂಗವಿದೆ. ನೂಲು ಸಣ್ಣಗಾದೊಡನೆ ಅದು ಸೂಚನೆ ಕೊಟ್ಟು ಹೊಸ ಗೂಡಿನ ಎಳೆಯನ್ನು ತರಿಸಿಕೊಳ್ಳುವುದು. ತಿಳಿಯುವುದು, ತಿಳಿದುದಕ್ಕೆ ತಕ್ಕಂತೆ ಮಾಡುವುದು, ಮಾಡಿದುದು ಸರಿಯಾಯಿತೆ ಎಂದು ಮತ್ತೆ ತಿಳಿಯುವುದು: ಈ ಸುತ್ತು ಯಾವ ಯಂತ್ರದಲ್ಲಿದೆಯೋ ಅದನ್ನು ರೋಬೊಟ್ ಎಂಬ ಹೆಸರಿಗೆ ಹತ್ತಿರವೆನ್ನಬಹುದು. ಕೈಕಾಲು ಮೂಗು ಇರಲೇಬೇಕೆಂದಿಲ್ಲ. ಶ್ರೀರಂಗಪಟ್ಟಣದ ಹುಲಿಗೆ ಬಾಯಿಯಿದ್ದಿತು, ಈ ಸುತ್ತು ಇರಲಿಲ್ಲ. ರಾಮನಗರದ ಯಂತ್ರಕ್ಕೆ ಮುಖವೇ ಇಲ್ಲ, ಸುತ್ತು ಮಾತ್ರ ಇದೆ. ಆಯುಧಪೂಜೆಯ ದಿನ ಅದಕ್ಕೂ ಅರಿಸಿನ ಕುಂಕುಮ ಹಚ್ಚಿ ಹೂ ಮುಡಿಸುವವರ ಮನಸ್ಸನ್ನು ನಾನು ಮೂಢತೆಯೆನ್ನಲಾರೆ. ಮುಖವಿಲ್ಲದ ಯಂತ್ರದೊಡನೆಯೂ ನಂಟು ಬೆಳಸುವುದು ನಮ್ಮವರಿಗೆ ಹೊಸದಲ್ಲ.

ಇಂತಹ ಸುತ್ತನ್ನು ಮಕ್ಕಳ ಕೈಗೆ ಕೊಟ್ಟ ಕಥೆಯು ದೂರದೇಶದಲ್ಲಿ ಆರಂಭವಾಗುತ್ತದೆ. ೧೯೪೮ರ ಸುಮಾರಿನಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ಲಿನಲ್ಲಿ ಗ್ರೇ ವಾಲ್ಟರ್ ಎಂಬ ಶಾಸ್ತ್ರಜ್ಞರು ಬೆಳಕನ್ನು ಅರಸಿ ಹೋಗುವ, ಅಡ್ಡಬಂದುದನ್ನು ತಪ್ಪಿಸಿಕೊಳ್ಳುವ, ಚಿಪ್ಪು ಹೊದಿಸಿದ ಎರಡು ಯಂತ್ರಗಳನ್ನು ಮಾಡಿ ಅವನ್ನು ಆಮೆಗಳೆಂದು ಕರೆದರು. ನೋಡಿದವರು ಅವುಗಳಲ್ಲಿ ಕುತೂಹಲವನ್ನೂ ನಾಚಿಕೆಯನ್ನೂ ಕಂಡರಂತೆ! ಸುಮಾರು ಇಪ್ಪತ್ತು ವರ್ಷಗಳ ಮೇಲೆ ಅಮೆರಿಕದಲ್ಲಿ ಸೀಮೂರ್ ಪೇಪರ್ಟ್ ಎಂಬವರು ಈ ಆಮೆಯನ್ನು ಮತ್ತೊಂದು ಕೆಲಸಕ್ಕೆ ಹೂಡಿದರು. ಪೇಪರ್ಟರು ಜಿನೀವಾದಲ್ಲಿ ಪಿಯಾಜೆಯವರ ಬಳಿಯಲ್ಲಿದ್ದು, ಮಗುವು ತಾನೇ ತನ್ನ ಜ್ಞಾನವನ್ನು ಕಟ್ಟಿಕೊಳ್ಳುವುದೆಂಬ ತತ್ತ್ವವನ್ನು ಮನಗಂಡವರು. ೧೯೬೭ರಲ್ಲಿ ಅವರೂ, ವಾಲೆಸ್ ಫೋರ್ಜಿಗ್, ಸಿಂತಿಯಾ ಸಾಲೊಮನ್ ಮೊದಲಾದವರೂ ಸೇರಿ ‘ಲೋಗೊ’ ಎಂಬ ಗಣಕಭಾಷೆಯನ್ನು ರಚಿಸಿದರು. ಕೆಲಕಾಲದಲ್ಲಿಯೇ ಆ ಭಾಷೆಯ ಮಾತನ್ನು ಕೇಳಿ ನೆಲದ ಮೇಲೆ ಹರಿದಾಡುತ್ತ ಲೇಖನಿಯಿಂದ ಗೆರೆಯೆಳೆಯುವ ಆಮೆಯು ಬಂದಿತು.

ಇದರ ಗುಣವನ್ನು ಒಂದು ಉದಾಹರಣೆಯಿಂದ ಹೇಳುವೆನು. ಮುಂದೆ ನೂರು ಹೆಜ್ಜೆ ಹೋಗು, ಬಲಕ್ಕೆ ತೊಂಬತ್ತು ಅಂಶ ತಿರುಗು. ಹೀಗೆ ನಾಲ್ಕು ಸಲ ಹೇಳಿದರೆ ಆಮೆಯು ಚೌಕವನ್ನು ಬರೆಯುವುದು. ಈಗ ಮೂರೂ ಬಾಹುಗಳು ಸಮನಾದ ತ್ರಿಕೋಣವನ್ನು ಬರೆಯಿಸೆಂದರೆ, ಅದರ ಕೋನವು ಅರವತ್ತೆಂದು ಪುಸ್ತಕದಲ್ಲಿ ಓದಿದ ಮಗುವು ಅರವತ್ತು ಅಂಶ ತಿರುಗೆಂದು ಹೇಳುವುದು. ತ್ರಿಕೋಣವು ಕೂಡಿಕೊಳ್ಳುವುದಿಲ್ಲ, ಆಮೆಯು ಎತ್ತಲೋ ಹೋಗಿ ನಿಲ್ಲುವುದು. ಆಗ ಉಪಾಧ್ಯಾಯರು ಉತ್ತರವನ್ನು ಹೇಳಬಾರದು. ಮಗುವು ತಾನೇ ಎದ್ದು ಆಮೆಯಂತೆ ನೆಲದ ಮೇಲೆ ನಡೆದು ನೋಡಿದರೆ, ತಾನು ತಿರುಗಬೇಕಾದುದು ಒಳಗಿನ ಕೋನದಷ್ಟಲ್ಲ, ಹೊರಗಿನದರಷ್ಟು, ಅಂದರೆ ನೂರಿಪ್ಪತ್ತು ಅಂಶ, ಎಂಬುದು ಅದರ ಕಾಲಿಗೇ ತಿಳಿಯುವುದು. ಯಾವ ಆಕೃತಿಯನ್ನು ಸುತ್ತಿ ಮೊದಲಿನ ನೆಲೆಗೂ ಮೊದಲಿನ ದಿಕ್ಕಿಗೂ ಬಂದು ನಿಂತರೂ, ತಿರುಗಿದ ಅಂಶಗಳ ಮೊತ್ತವು ಮುನ್ನೂರರವತ್ತು ಅಥವಾ ಅದರ ಗುಣಿತವಾಗುವುದೆಂದು ಮಗುವು ಕಾಣುವುದು. ಐದು ಮೂಲೆಯ ನಕ್ಷತ್ರಕ್ಕೆ ಪ್ರತಿ ಸಲವೂ ನೂರನಾಲ್ವತ್ತನಾಲ್ಕು ಅಂಶ ತಿರುಗಬೇಕು. ಅಂದರೆ ಪೂರಾ ಎರಡು ಸುತ್ತು. ಗುಡೇಮಾರನಹಳ್ಳಿಯಂತಹ ಊರಿನಲ್ಲಿ ಮುಂಜಾನೆ ಸಗಣಿ ಸಾರಿಸಿ ರಂಗೋಲಿಯನ್ನಿಡುವ ಹುಡುಗಿಗೆ, ಕೈಯೆತ್ತದೆ ಎಳೆಯುವ ಗೆರೆಯು ತಿರುಗಿ ತಿರುಗಿ ಹೊರಟಲ್ಲಿಗೇ ಬರಬೇಕೆಂಬ ಈ ವಿಚಾರವು ಪರಕೀಯವೆನಿಸಲಾರದು.

ಈ ಆಮೆಯು ಮಗುವಿಗೆ ಏನನ್ನೂ ಬೋಧಿಸುವುದಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಮಗುವೇ ಅದಕ್ಕೆ ಬೋಧಿಸುವುದು. ಶಿಷ್ಯನು ಪೆದ್ದನಾದುದರಿಂದ ಗುರುವು ಸ್ಪಷ್ಟವಾಗಿ ಆಲೋಚಿಸಬೇಕಾಗುತ್ತದೆ. ಪೇಪರ್ಟರು ೧೯೮೦ರಲ್ಲಿ ಪ್ರಕಟಿಸಿದ ಪುಸ್ತಕದ ತಿರುಳು ಇದೇ. ಆ ಪುಸ್ತಕದ ಹೆಸರನ್ನೇ ಹೊತ್ತ ಲೆಗೊ ಸಂಸ್ಥೆಯ ಜೋಡಣೆಯ ಯಂತ್ರವು ೧೯೯೮ರಲ್ಲಿ ಬಂದು, ಲೋಕದ ಶಾಲೆಗಳಲ್ಲೆಲ್ಲ ಹರಡಿ, ೨೦೨೨ರ ಕೊನೆಗೆ ನಿಂತುಹೋಯಿತು.

ನಮ್ಮ ನಾಡಿನಲ್ಲಿ ಎರಡು ದಾರಿಗಳೂ ತೆರೆದಿವೆ. ೨೦೧೯ರಲ್ಲಿ ಬೆಂಗಳೂರಿನ ಇಂಡಸ್ ಇಂಟರ್‌ನ್ಯಾಷನಲ್ ಶಾಲೆಯವರು ‘ಈಗಲ್’ ಎಂಬ ಮನುಷ್ಯಾಕೃತಿಯ ಯಂತ್ರಗಳನ್ನು ಉಪಾಧ್ಯಾಯರ ಜೊತೆಯಲ್ಲಿ ತರಗತಿಗೆ ತಂದರು. ೨೦೨೦ನೆಯ ಜನವರಿಯಲ್ಲಿ ಬೆಂಗಳೂರಿನಲ್ಲಿಯೇ ಇಸ್ರೋ ಸಂಸ್ಥೆಯು ಮಾನವರಹಿತ ಗಗನಯಾನಕ್ಕಾಗಿ ನಿರ್ಮಿಸಿದ, ಸ್ತ್ರೀರೂಪದ ‘ವ್ಯೋಮಮಿತ್ರ’ವನ್ನು ಸಭೆಯ ಮುಂದಿರಿಸಿತು, ಸೊಂಟದಿಂದ ಕೆಳಗೆ ಕಾಲುಗಳಿಲ್ಲದ ಆ ಯಂತ್ರವು ತನ್ನ ಪರಿಚಯವನ್ನು ತಾನೇ ಹೇಳಿಕೊಂಡಿತು. ೨೦೨೨ರಲ್ಲಿ ಶಿರಸಿಯ ಉಪನ್ಯಾಸಕರೊಬ್ಬರು ಹಳ್ಳಿಯ ಪ್ರಾಥಮಿಕ ಶಾಲೆಯ ಮಕ್ಕಳಿಗಾಗಿ ‘ಶಿಕ್ಷಾ’ ಎಂಬ ಮಾತಾಡುವ ಯಂತ್ರವನ್ನು ತಾವೇ ಕಟ್ಟಿದರು. ಈ ಕೊನೆಯದು ನನಗೆ ಹೆಚ್ಚು ಪ್ರಿಯವಾದುದು. ಊರಿನವರೊಬ್ಬರು ಊರಿನ ಮಕ್ಕಳಿಗಾಗಿ, ಸಿಕ್ಕುವ ಸಾಮಗ್ರಿಯಿಂದ ಕಟ್ಟಿದುದಲ್ಲವೆ? ಆದರೆ ಕಟ್ಟಿದವರು ಕಲಿತಷ್ಟನ್ನು, ಎದುರಿಗೆ ಕುಳಿತು ಅದರ ಬಾಯಿಂದ ಮಗ್ಗಿಯನ್ನು ಕೇಳುವವರು ಕಲಿಯಲಾರರು. ಇಲ್ಲಿಯೇ ಬಿಟ್ಟಿಯ ಲೆಕ್ಕವು ತಲೆಕೆಳಗಾಗುವುದು: ಯಂತ್ರವು ಹೇಳುವುದು, ಮಗುವು ಒಪ್ಪಿಸುವುದು.

ಮಾತಾಡುವ ಯಂತ್ರದಲ್ಲಿ ಇನ್ನೊಂದು ಅಪಾಯವೂ ಉಂಟು. ೧೯೬೬ರಲ್ಲಿ ಜೋಸೆಫ್ ವೈಜೆನ್‌ಬಾಮ್ ಎಂಬ ಅಮೆರಿಕದ ಶಾಸ್ತ್ರಜ್ಞರು, ನಾವು ಹೇಳಿದುದನ್ನೇ ಸ್ವಲ್ಪ ತಿರುಚಿ ಪ್ರಶ್ನೆಯಾಗಿ ಕೇಳುವ ‘ಎಲೈಜ’ ಎಂಬ ಗಣಕಕ್ರಮವನ್ನು ಪ್ರಕಟಿಸಿದರು. ಅದು ಕಟ್ಟಲ್ಪಟ್ಟ ಬಗೆಯನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿನಿಯೇ ಅದರೊಡನೆ ಕೆಲವು ಮಾತಾಡಿದ ಮೇಲೆ, ತಾನು ಏಕಾಂತದಲ್ಲಿ ಮಾತಾಡಬೇಕು, ತಾವು ಹೊರಗೆ ಹೋಗಬೇಕು ಎಂದಳಂತೆ. ಬಲ್ಲವರ ಗತಿಯೇ ಹೀಗಾದರೆ ಏಳು ವರ್ಷದ ಮಗುವಿನ ಗತಿಯೇನು? ಬೊಂಬೆಯಾಟದಲ್ಲಿ ದಾರವಾದರೂ ಕಾಣುತ್ತಿದ್ದಿತು.

ಇನ್ನೊಂದು ದಾರಿಯು, ಕೇಂದ್ರದ ನೀತಿ ಆಯೋಗವು ೨೦೧೬ರಲ್ಲಿ ಆರಂಭಿಸಿದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳದು. ಆರನೆಯ ತರಗತಿಯಿಂದ ಹನ್ನೆರಡನೆಯದರವರೆಗಿನ ಮಕ್ಕಳಿಗಾಗಿ ಪ್ರತಿ ಶಾಲೆಗೂ ೨೦ ಲಕ್ಷ ರೂಪಾಯಿಗಳವರೆಗೆ ಸಹಾಯದ್ರವ್ಯ. ಬಿಡಿಭಾಗಗಳು, ಮೋಟಾರುಗಳು, ಅಳೆಯುವ ಅಂಗಗಳು, ಘನಮುದ್ರಣದ ಯಂತ್ರ. ಉದ್ದೇಶವು ಒಳ್ಳೆಯದು, ಬಿಚ್ಚಿ ನೋಡುವುದೇ ಇಲ್ಲಿ ಪಾಠ. ಆದರೆ ಬೆಲೆಬಾಳುವ ವಸ್ತುವು ಶಾಲೆಗೆ ಬಂದೊಡನೆ ಮುರಿದೀತೆಂಬ ಭಯವೂ ಜೊತೆಗೇ ಬರುವುದು. ದಾಖಲೆಯ ಪುಸ್ತಕಕ್ಕೆ ಉತ್ತರ ಹೇಳಬೇಕಾದ ಮುಖ್ಯೋಪಾಧ್ಯಾಯರು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಲಿಕೈಯನ್ನು ತಮ್ಮ ಜೇಬಿನಲ್ಲಿಟ್ಟುಕೊಂಡರೆ ಅವರನ್ನು ಬಯ್ಯುವುದು ಸುಲಭ. ಮುರಿಯುವುದಕ್ಕೆ ಅನುಮತಿಯಿರುವ, ಮುರಿದರೆ ಊರಿನಲ್ಲಿಯೇ ಸರಿಪಡಿಸಬಹುದಾದ ವಸ್ತುವನ್ನು ಅವರಿಗೆ ಕೊಡುವುದು ಕಷ್ಟ.

ಕಷ್ಟವೇ ಹೊರತು ಅಸಾಧ್ಯವಲ್ಲ. ಗೆರೆಯೆಳೆಯುವ ಆಮೆಯೊಂದಕ್ಕೆ ಬೇಕಾದುವು ಎರಡು ಗಾಲಿ, ಎರಡು ಚಿಕ್ಕ ಮೋಟಾರು, ಒಂದು ಲೇಖನಿ, ಅಪ್ಪಣೆಯನ್ನು ನೆನಪಿಡುವ ಅಂಗೈಯಗಲದ ಒಂದು ಹಲಗೆ, ಮೇಲೊಂದು ಚಿಪ್ಪು. ಮೋಟಾರೂ ಹಲಗೆಯೂ ಬೆಂಗಳೂರಿನ ಎಸ್. ಪಿ. ರಸ್ತೆಯ ಅಂಗಡಿಗಳಲ್ಲಿ ದೊರೆಯುತ್ತವೆ. ಎರಡು ಗಾಲಿಗಳೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಅಳತೆಯವಾಗಿರಬೇಕು. ಇಲ್ಲದಿದ್ದರೆ ಗೆರೆಯು ಡೊಂಕಾಗುವುದು. ಆಲೆಮರದಲ್ಲಿ ಅಂತಹ ಜೋಡಿಯನ್ನು ಕಡೆಯಬಲ್ಲ ಕೈಗಳು ಚನ್ನಪಟ್ಟಣದಲ್ಲಿ ಈಗಲೂ ಇವೆ.